ನಾಟಿಗೆ ಆರೂವರೆ, ಅಂಗನವಾಡಿಗೆ ಒಂಬತ್ತೂವರೆ

ಮಾನ್ಯ ಸಂಪಾದಕರೇ,

ಭದ್ರಾ ನಾಲೆಗೆ ನೀರು ಬಿಟ್ಟ ಕೆಲವೇ ವಾರಗಳಲ್ಲಿ ಹರಿಹರ, ಮಲೇಬೆನ್ನೂರು, ದಾವಣಗೆರೆ ಸುತ್ತ ಒಂದೇ ಮಾತು: ನಾಟಿಗೆ ಆಳು ಸಿಗ್ತಿಲ್ಲ. ಗ್ಯಾರಂಟಿ ದುಡ್ಡು ಬಂದ ಮೇಲೆ ಹೆಣ್ಣಾಳುಗಳು ಮೈಗಳ್ಳರಾದರು ಎಂದು ಬೈಯುವವರೂ ಇದ್ದಾರೆ. ಬೈಯುವ ಮುಂಚೆ ಅಂಥ ಮನೆಗಳ ಒಳಗೆ ಇಣುಕಿದರೆ ಒಳ್ಳೆಯದು. ಎಷ್ಟೋ ಕಡೆ ಆಳು ಊರಲ್ಲೇ ಇದ್ದಾಳೆ, ಕಂಕುಳಲ್ಲಿ ಕೂಸಿದೆ.

ನಾಟಿ ಗ್ಯಾಂಗು ಆಟೊ ಹತ್ತುವುದು ಬೆಳಿಗ್ಗೆ ಆರೂವರೆಗೆ. ಅಂಗನವಾಡಿ ಬಾಗಿಲು ತೆರೆಯುವುದು ಒಂಬತ್ತೂವರೆಗೆ, ಮುಚ್ಚುವುದು ನಾಲ್ಕಕ್ಕೆ. ಅಲ್ಲಿ ಕೂರಿಸಿಕೊಳ್ಳುವುದೂ ಮೂರು ವರ್ಷ ತುಂಬಿದವರನ್ನು. ಅದಕ್ಕಿಂತ ಚಿಕ್ಕ ಮಕ್ಕಳಿಗೆ ಆಹಾರದ ಪೊಟ್ಟಣ ಮನೆಗೆ ಹೋಗುತ್ತದೆ, ಎತ್ತಿಕೊಳ್ಳುವ ಕೈ ಹೋಗುವುದಿಲ್ಲ. ನಾಟಿಯನ್ನು ಎಕರೆ ಲೆಕ್ಕದಲ್ಲಿ ಗುತ್ತಿಗೆ ಹಿಡಿದು, ಬಂದದ್ದನ್ನು ಹತ್ತು ಹನ್ನೆರಡು ಜನ ಸಮ ಹಂಚಿಕೊಳ್ಳುತ್ತಾರೆ. ಬದುವಿನ ಮೇಲೆ ಕೂಸು ಅತ್ತಾಗಲೆಲ್ಲ ಎದ್ದು ಹೋಗುವವಳನ್ನು ಉಳಿದವರು ಎಷ್ಟು ದಿನ ತಡೆದುಕೊಂಡಾರು? ಮೂರನೇ ದಿನಕ್ಕೆ 'ಮಗು ದೊಡ್ಡದಾಗ್ಲಿ, ಆಮೇಲೆ ಬಾರವ್ವ' ಅಂತಾರೆ. ಇಲ್ಲವೇ ಹತ್ತು ವರ್ಷದ ಅಕ್ಕ ಶಾಲೆ ತಪ್ಪಿಸಿ ಕೂಸಿನ ಜೊತೆ ಗದ್ದೆಗೆ ಬರುತ್ತಾಳೆ. ನಾಟಿ ತಿಂಗಳಲ್ಲಿ ನಾಲ್ಕನೇ, ಐದನೇ ತರಗತಿಯ ಹಾಜರಿ ಪುಸ್ತಕ ತೆರೆದು ನೋಡಿ, ಯಾರ ಮನೆಯಲ್ಲಿ ಕೂಸಿದೆ ಎಂಬುದು ಅದರಲ್ಲೇ ಕಾಣುತ್ತದೆ.

ಚನ್ನಗಿರಿ ಕಡೆಯ ಅಡಿಕೆ ಸುಲಿತದಲ್ಲಿ ಲೆಕ್ಕ ಇನ್ನೂ ನೇರ. ಅಲ್ಲಿ ಕೂಲಿ ಸುಲಿದ ತೂಕಕ್ಕೆ. ಮೆಟ್ಟುಗತ್ತಿಯ ಮುಂದೆ ಕೂತ ತಾಯಿ ಹಾಲೂಡಿಸಲು ಎದ್ದ ಪ್ರತಿ ಸಲವೂ ತಕ್ಕಡಿಯಲ್ಲಿ ಅಷ್ಟು ಕಡಿಮೆ. ಅಂಬೆಗಾಲಿಡುವ ಮಗುವಿಗೆ ಒಂದು ಪಕ್ಕ ಕತ್ತಿಯ ಸಾಲು, ಇನ್ನೊಂದು ಪಕ್ಕ ಅಡಿಕೆ ಬೇಯುವ ಹಂಡೆ. ಮಗುವಿನ ಸೊಂಟಕ್ಕೆ ಸೀರೆ ತುಂಡು ಬಿಗಿದು ಕಂಬಕ್ಕೆ ಕಟ್ಟುವುದು ಕ್ರೌರ್ಯವಲ್ಲ, ಇರುವ ಒಂದೇ ಸುರಕ್ಷತೆ.

ಸರ್ಕಾರ ಏನೂ ಮಾಡಿಲ್ಲ ಅನ್ನುವಂತಿಲ್ಲ. ಕೆಲಸದ ಜಾಗದಲ್ಲಿ ಆರು ವರ್ಷದೊಳಗಿನ ಐದು ಮಕ್ಕಳಿದ್ದರೆ ನೋಡಿಕೊಳ್ಳಲು ಒಬ್ಬ ಮಹಿಳೆಗೆ ಕೂಲಿ ಕೊಟ್ಟು ನೇಮಿಸಬೇಕು ಎಂದು 2005ರ ನರೇಗಾ ಕಾಯ್ದೆಯೇ ಹೇಳಿತ್ತು. 2023ರಲ್ಲಿ ರಾಜ್ಯ ಬಜೆಟ್ 4,000 ಗ್ರಾಮ ಪಂಚಾಯ್ತಿಗಳಿಗೆ 'ಕೂಸಿನ ಮನೆ' ಎಂಬ ಶಿಶುಪಾಲನಾ ಕೇಂದ್ರ ಘೋಷಿಸಿತು. ಯೋಜನೆ ಲಾಭದ್ದೇ. 2025-26ರ ನರೇಗಾ ಕೂಲಿ ದಿನಕ್ಕೆ 370 ರೂಪಾಯಿ. ಹನ್ನೆರಡು ತಾಯಂದಿರು ಕೆಲಸಕ್ಕೆ ಹೋದರೆ ಊರಿಗೆ ದಿನಕ್ಕೆ 4,440 ರೂಪಾಯಿ ಬರುತ್ತದೆ, ಇಬ್ಬರು ಆರೈಕೆದಾರರ ಕೂಲಿ 740. ಹಾಲು, ರಾಗಿ, ಬೇಳೆ, ಗ್ಯಾಸು ಬೇರೆ ಹಿಡಿದರೂ ಲೆಕ್ಕ ತಲೆಕೆಳಗಾಗುವುದಿಲ್ಲ. ಆ ದುಡ್ಡು ಊರಿನ ಕಿರಾಣಿ ಅಂಗಡಿಗೆ, ಸಂಘದ ಕಂತಿಗೆ ಹೋಗುವುದನ್ನು ಬೇರೆ ಹೇಳಬೇಕಿಲ್ಲ.

ಹಾಗಾದರೆ ಕೇಂದ್ರಗಳು ಕುಂಟುವುದೇಕೆ? ಒಂದು ಕಾರಣ, ಆರೈಕೆದಾರರ ಕೂಲಿಗೂ ನರೇಗಾ ಕಾಯ್ದೆ ಇಟ್ಟಿದ್ದ ನೂರು ದಿನದ ಮಿತಿ. ತಿಂಗಳಿಗೆ 26 ದಿನದಂತೆ ವರ್ಷಕ್ಕೆ 312 ದಿನ, ಒಂದು ಹೊತ್ತಿಗೆ ಇಬ್ಬರು, ಒಟ್ಟು 624 ಮಾನವ ದಿನ. ಕುಟುಂಬಕ್ಕೆ ನೂರೇ ದಿನ ಎಂದರೆ ಏಳು ಮನೆಯವರಾದರೂ ಬೇಕು, ಅದೂ ಅವರು ಬೇರೆ ನರೇಗಾ ಕೆಲಸಕ್ಕೆ ಹೋಗದಿದ್ದರೆ. ಹಾಗಾಗಿ ಹತ್ತು ಜನಕ್ಕೆ ತರಬೇತಿ ಕೊಟ್ಟು ಸರದಿಯ ಮೇಲೆ ಹಾಕುತ್ತಾರೆ. ಸರದಿ ಬದಲಾದ ದಿನ ಇಬ್ಬರೂ ಹೊಸಬರಾದರೆ ಎಂಟು ತಿಂಗಳ ಕೂಸು ಬಾಯಿಗಿಟ್ಟ ರಾಗಿ ಸರಿಯನ್ನು ಉಗುಳುತ್ತದೆ, ಮಲಗುವುದಿಲ್ಲ. ನಾಲ್ಕು ದಿನ ಹೀಗಾದರೆ ತಾಯಿ ಕರೆದುಕೊಂಡು ಬರುವುದನ್ನೇ ಬಿಡುತ್ತಾಳೆ. ಒಮ್ಮೆಗೆ ಒಬ್ಬರನ್ನು ಮಾತ್ರ ಬದಲಿಸಿ, ಹೊಸಬರು ಹಳಬರ ಜೊತೆ ಒಂದು ವಾರ ಇರುವಂತೆ ನೋಡಿಕೊಂಡರೆ ಈ ತೊಂದರೆ ಬಹುಪಾಲು ತಪ್ಪುತ್ತದೆ. ಖರ್ಚಿಲ್ಲದ ಕೆಲಸ, ಪಟ್ಟಿ ಬರೆಯುವವರಿಗೆ ತಿಳಿದಿರಬೇಕು ಅಷ್ಟೇ.

ಇನ್ನೊಂದು ಕಾರಣ ದೂರ. ಹಿಂಡಿಟ್ಟ ಎದೆಹಾಲು ಹೊರಗೆ ನಾಲ್ಕು ಗಂಟೆ ಬಾಳುತ್ತದೆ ಎನ್ನುವುದು 25 ಡಿಗ್ರಿ ತಂಪಿನ ಮಾತು. ಏಪ್ರಿಲ್‌ನ ಜಗಳೂರು, ಚಳ್ಳಕೆರೆ ಬಿಸಿಲಲ್ಲಿ ಆ ಲೆಕ್ಕ ನಡೆಯದು. ತಾಯಿ ನಡೆದು ಬಂದು ಹಾಲೂಡಿಸಿ ಹೋಗುವಷ್ಟು ಹತ್ತಿರದಲ್ಲಿ ಕೇಂದ್ರ ಇರಬೇಕು. ಊರಾಚೆ ಖಾಲಿ ಬಿದ್ದ ಸಮುದಾಯ ಭವನದಲ್ಲಿ ತೊಟ್ಟಿಲು ಕಟ್ಟಿದರೆ ಉದ್ಘಾಟನೆಯ ಫೋಟೊ ಚೆನ್ನಾಗಿ ಬಂದೀತು.

ದಾವಣಗೆರೆ ಹತ್ತಿ ಗಿರಣಿಗಳ ಊರು ಎನ್ನುವ ಮಾತು ಹಳೆಯದಾಯಿತು. ಈಗ ಬಟ್ಟೆ ಹೊಲಿಯುವ ಘಟಕಗಳಿವೆ, ಸಾಲುಸಾಲು ಆಸ್ಪತ್ರೆಗಳಿವೆ. 2017ರ ಹೆರಿಗೆ ಸೌಲಭ್ಯ ತಿದ್ದುಪಡಿಯು 50 ನೌಕರರಿರುವ ಸಂಸ್ಥೆಯಲ್ಲಿ ಶಿಶುಪಾಲನಾ ಕೇಂದ್ರ ಕಡ್ಡಾಯ ಮಾಡಿ, ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ಬರಬಹುದು ಎಂದಿತು. ಇಲ್ಲಿ 50 ಎಂದರೆ ಹೆಂಗಸರಷ್ಟೇ ಅಲ್ಲ, ಗಂಡಸರೂ ಸೇರಿ. ಹಳೆಯ ಕಾರ್ಖಾನೆ ಕಾಯ್ದೆಯ '30ಕ್ಕಿಂತ ಹೆಚ್ಚು ಮಹಿಳೆಯರು' ಎಂಬ ನಿಯಮವನ್ನೇ ನೆನಪಿಟ್ಟುಕೊಂಡು ತಮಗಿದು ಅನ್ವಯಿಸದು ಅನ್ನುವ ಮಾಲೀಕರಿದ್ದಾರೆ. ಕೇಂದ್ರ ಇಟ್ಟವರಲ್ಲೂ ಕೆಲವರು 'ಮಕ್ಕಳೇ ಬರಲ್ಲ' ಅನ್ನುತ್ತಾರೆ. ಬರುವುದು ಹೇಗೆ? ಇಪ್ಪತ್ತು ಕಿಲೊಮೀಟರ್ ದೂರದ ಹಳ್ಳಿಯಿಂದ ನಿಂತು ಬರುವ ವ್ಯಾನಿನಲ್ಲಿ ಹಸುಗೂಸನ್ನು ಯಾರು ತಂದಾರು? ಹಲವು ಸಂಸ್ಥೆಗಳು ಸೇರಿ ಒಂದೇ ಕೇಂದ್ರ ನಡೆಸಲು ಕಾನೂನಿನಲ್ಲೇ ಅವಕಾಶವಿದೆ. ಕರೂರು ಕೈಗಾರಿಕಾ ಪ್ರದೇಶಕ್ಕೊಂದು, ಕಾರ್ಮಿಕರು ಹೆಚ್ಚಿರುವ ಹಳ್ಳಿಗಳಲ್ಲಿ ಒಂದೆರಡು, ಖರ್ಚು ತಲೆ ಲೆಕ್ಕದಲ್ಲಿ ಹಂಚಿಕೆಯಾಗಲಿ. ಆಸ್ಪತ್ರೆಗಳ ರಾತ್ರಿ ಪಾಳಿಯ ನರ್ಸುಗಳದ್ದು ಬೇರೆಯೇ ಪತ್ರಕ್ಕಾಗುವಷ್ಟಿದೆ.

ದುಡ್ಡೆಲ್ಲಿ ಎಂದು ಕೇಳುವವರಿಗೆ: ಗಣಿ ಇರುವ ಚಿತ್ರದುರ್ಗದಲ್ಲಿ ಗಣಿ ಗುತ್ತಿಗೆದಾರರು ಕಟ್ಟುವ ಜಿಲ್ಲಾ ಖನಿಜ ಪ್ರತಿಷ್ಠಾನದ ನಿಧಿ ಇದೆ, ಮಹಿಳೆ ಮತ್ತು ಮಕ್ಕಳ ಕಲ್ಯಾಣ ಅದರ ಆದ್ಯತಾ ಪಟ್ಟಿಯಲ್ಲೇ ಇದೆ. ಕೇಂದ್ರದ 'ಪಾಲನಾ' ಯೋಜನೆಯಡಿ ಅಂಗನವಾಡಿಗೇ ಶಿಶುಪಾಲನೆ ಸೇರಿಸಬಹುದು.

ದಾವಣಗೆರೆ, ಚಿತ್ರದುರ್ಗದ ಎರಡೂ ಜಿಲ್ಲಾ ಪಂಚಾಯ್ತಿಗಳು ಜನವರಿ-ಫೆಬ್ರುವರಿಯ ಬೇಸಿಗೆ ನಾಟಿಗೆ, ಮಳೆಗಾಲದ ನಾಟಿಗೆ, ಅಡಿಕೆ ಸುಲಿತಕ್ಕೆ ಕೂಸಿನ ಮನೆಯ ವೇಳೆಯನ್ನು ಬೆಳಿಗ್ಗೆ ಆರರಿಂದ ಸಂಜೆ ಆರರವರೆಗೆ ಎರಡು ಪಾಳಿ ಮಾಡಲಿ. ಅದಕ್ಕೂ ಮೊದಲು ಕೇಂದ್ರದ ಬೀಗದ ಕೈ ಆರೈಕೆದಾರರ ಸೆರಗಿಗೆ ಬರಲಿ. ಅದು ಪಂಚಾಯ್ತಿ ಕಚೇರಿಯ ಮೊಳೆಗೆ ನೇತಾಡುತ್ತಿದ್ದರೆ, ಕಚೇರಿ ತೆರೆಯುವುದು ಹತ್ತಕ್ಕೆ.

– ಶಿಶುಪಾಲನೆಯ ಕೆಲಸದಲ್ಲಿ ತೊಡಗಿರುವ ಓದುಗರು, ದಾವಣಗೆರೆ