ದಕ್ಷಿಣ ಕೊರಿಯಾದ ಸುವೊನ್‌ನಿಂದ, ಕೋಸಿನ ಕಾಲದಲ್ಲಿ

ಗೆಳೆಯಾ,

ಹೇಗಿದ್ದೀಯ? ಮನೆಯಲ್ಲಿ ಎಲ್ಲರೂ ಆರಾಮಾ? ಇಲ್ಲಿ ಚಳಿ ಜೋರಾಗಿದೆ. ಆದರೂ ಮನೆಯೊಳಗೆ ಸುಖ, ಯಾಕಂದ್ರೆ ಇಲ್ಲಿ ನೆಲವನ್ನೇ ಬಿಸಿ ಮಾಡುತ್ತಾರೆ. ಹಿಂದೆ ಒಲೆಯ ಬಿಸಿ ಹೊಗೆಯನ್ನು ನೆಲದ ಕಲ್ಲುಗಳ ಕೆಳಗೆ ಹಾಯಿಸುತ್ತಿದ್ದರಂತೆ, ಈಗ ಬಿಸಿನೀರಿನ ಪೈಪು. ನೆಲದ ಮೇಲೆ ಹಾಸಿಕೊಂಡು ಮಲಗಿದರೆ ಏಳೋಕೆ ಮನಸ್ಸೇ ಬರಲ್ಲ.

ಅಲ್ಲಿಯ ಹಬ್ಬಗಳಿಗೆ ನಿನ್ನನ್ನೂ ಕರೀತಾರಾ ಅಂತ ಕೇಳಿದ್ದೆಯಲ್ಲ. ನಿಜ ಹೇಳಲಾ? ದೊಡ್ಡ ಹಬ್ಬಗಳಲ್ಲಿ ನಮ್ಮಂಥವರನ್ನು ಕೇಳುವವರಿಲ್ಲ. ಶರತ್ಕಾಲದ ಹುಣ್ಣಿಮೆಗೆ ಚುಸಕ್, ಚಾಂದ್ರಮಾನದ ಹೊಸ ವರ್ಷಕ್ಕೆ ಸೊಲ್ಲಾಲ್. ಎರಡಕ್ಕೂ ಮೂರು ಮೂರು ದಿನ ರಜೆ. ಬುಕಿಂಗ್ ಶುರುವಾದ ಕೂಡಲೇ ರೈಲು ಟಿಕೆಟ್ ಖಾಲಿ. ಎಲ್ಲರೂ ಅವರವರ ಊರಿಗೆ, ಅವರವರ ಹಿರಿಯರಿಗೆ ಎಡೆ ಇಡೋಕೆ. ನಮ್ಮ ಬೀದಿಯ ಹೋಟೆಲೂ ಬಾಗಿಲು ಹಾಕಿರುತ್ತದೆ. ರಾಜಧಾನಿ ಸೋಲ್‌ನ ಹಳೆಯ ಅರಮನೆಗಳಿಗೆ ಆ ದಿನಗಳಲ್ಲಿ ಪ್ರವೇಶ ಪುಕ್ಕಟೆ. ನಾವು ನಾಲ್ಕು ಜನ ಪರದೇಶಿಗಳು ಹೋಗಿ ಫೋಟೋ ತೆಗೆಸಿಕೊಂಡು ಬರುತ್ತೇವೆ, ಅಷ್ಟೇ.

ನಿಜವಾಗಿ ಕರೆ ಬರುವುದು ಕೈ ಕಡಿಮೆ ಬಿದ್ದಾಗ. ಅಂದರೆ ಕಿಮ್‌ಜಾಂಗ್‌ಗೆ.

ನವೆಂಬರ್ ಕೊನೆಗೆ ಇಡೀ ಚಳಿಗಾಲಕ್ಕಾಗುವಷ್ಟು ಕಿಮ್ಚಿ, ಅಂದರೆ ಕೋಸಿನ ಉಪ್ಪಿನಕಾಯಿ, ಹಾಕಿಡುವ ಕೆಲಸ ಇದು. 2013ರಲ್ಲಿ ಯುನೆಸ್ಕೋ ಪಟ್ಟಿಗೂ ಸೇರಿತು. ಕೆಳಗಿನ ಮನೆಯ ಅಜ್ಜಿಗೆ ಅದೆಲ್ಲ ಲೆಕ್ಕಕ್ಕಿಲ್ಲ. "ಸುಮ್ನೆ ಕೂತಿದ್ದೀಯಲ್ಲ, ಬಾ" ಅಂದರು. ಉದ್ದನೆಯ ಕೋಸನ್ನು ಸೀಳಿ ಹಿಂದಿನ ದಿನವೇ ಉಪ್ಪಿಗೆ ಹಾಕಿದ್ದರು. ಬೆಳಿಗ್ಗೆ ತೊಳೆದು ನೀರು ಬಸಿಯೋಕೆ ಬೋರಲು ಹಾಕಿದ್ದರು. ಇನ್ನೊಂದು ದೊಡ್ಡ ರಬ್ಬರ್ ಟಬ್ಬಿನಲ್ಲಿ ಮೆಣಸಿನ ಪುಡಿ, ಬೆಳ್ಳುಳ್ಳಿ, ಶುಂಠಿ, ಹೆಚ್ಚಿದ ಮೂಲಂಗಿ, ಅಕ್ಕಿ ಹಿಟ್ಟಿನ ಗಂಜಿ. ಗುಲಾಬಿ ಬಣ್ಣದ ರಬ್ಬರ್ ಗ್ಲೌಸ್ ಹಾಕಿಕೊಂಡು ಕೂತೆ. ಒಂದೊಂದೇ ಎಲೆ ಬಿಡಿಸಿ, ಬುಡದ ದಪ್ಪ ಭಾಗಕ್ಕೆ ಜಾಸ್ತಿ, ತುದಿಗೆ ಕಡಿಮೆ ಮಸಾಲೆ ಸವರಬೇಕು. ಕೊನೆಗೆ ಹೊರಗಿನ ಎಲೆಯಿಂದಲೇ ಇಡೀ ಕೋಸನ್ನು ಬಿಗಿಯಾಗಿ ಸುತ್ತಿಡಬೇಕು. ಸಡಿಲವಾದರೆ ಗಾಳಿ ಸೇರಿ ಕೆಡುತ್ತದೆ. ಮಧ್ಯಾಹ್ನದ ಹೊತ್ತಿಗೆ ಸೊಂಟ ಬಿದ್ದುಹೋಗಿತ್ತು. ಅಕ್ಕಪಕ್ಕದ ಹೆಂಗಸರು ಮಾತ್ರ ಸೊಸೆಯಂದಿರ ಬಗ್ಗೆ ಮಾತಾಡುತ್ತಾ ಆರಾಮಾಗಿ ಕೂತಿದ್ದರು.

ಮಸಾಲೆಗೆ ಮೀನಿನ ಸಾರ, ಉಪ್ಪು ಹಾಕಿದ ಸೀಗಡಿ ಬೀಳುತ್ತದೆ. ನಾನು ತಿನ್ನಲ್ಲ ಅಂತ ಅಜ್ಜಿಗೆ ಗೊತ್ತು. ಅದನ್ನು ಬೆರೆಸುವ ಮೊದಲೇ ಒಂದು ಬಟ್ಟಲು ತೆಗೆದಿಟ್ಟು, "ನಿನ್ನದು ಗುಡಿಯ ಕಿಮ್ಚಿ" ಅಂದರು. ಹೆಸರಿಗಷ್ಟೇ ಗುಡಿಯದು; ಇಲ್ಲಿಯ ಗುಡಿಗಳ ಬೌದ್ಧ ಭಿಕ್ಷುಗಳು ಮೀನು ಮಾತ್ರ ಅಲ್ಲ, ಈರುಳ್ಳಿ ಬೆಳ್ಳುಳ್ಳಿಯನ್ನೂ ಮುಟ್ಟಲ್ಲ. ನಮ್ಮಜ್ಜಿ ಇದ್ದಿದ್ದರೆ ಅಲ್ಲೇ ಊಟಕ್ಕೆ ಕೂರುತ್ತಿದ್ದರು, ಅಲ್ವಾ? ಎಲ್ಲ ಮುಗಿದ ಮೇಲೆ ಬೇಯಿಸಿದ ಹಂದಿ ಮಾಂಸದ ಜೊತೆ ಹೊಸ ಕಿಮ್ಚಿ ತಿನ್ನುವುದು ವಾಡಿಕೆ. ನನಗೆ ಬಿಸಿ ಅನ್ನವೇ ಸಾಕಾಯಿತು.

ಮೊದಲೆಲ್ಲ ಮಣ್ಣಿನ ಜಾಡಿಯಲ್ಲಿ ತುಂಬಿ ನೆಲದಲ್ಲಿ ಹೂಳುತ್ತಿದ್ದರು. ಅಪಾರ್ಟ್‌ಮೆಂಟಿನಲ್ಲಿ ಎಲ್ಲಿ ಹೂಳುವುದು? ಅದಕ್ಕೇ ಈಗ ಕಿಮ್ಚಿಗೆಂದೇ ಬೇರೆ ಫ್ರಿಜ್.

ಇನ್ನು ಡಿಸೆಂಬರ್ 22ರ ಹೊತ್ತಿಗೆ ದೊಂಗ್‌ಜಿ, ವರ್ಷದ ಅತಿ ದೀರ್ಘ ರಾತ್ರಿ. ಆವತ್ತು ಕ್ಯಾಂಟೀನಿನಲ್ಲೂ ಕೆಂಪು ಕಾಳಿನ ಗಂಜಿ, ಒಳಗೆ ಅಕ್ಕಿ ಹಿಟ್ಟಿನ ಉಂಡೆ. ಕೆಂಪು ಬಣ್ಣಕ್ಕೆ ದೆವ್ವ ಓಡುತ್ತದಂತೆ. ನನಗೆ ಹೆಚ್ಚು ಇಷ್ಟ ಚಾಂದ್ರಮಾನದ ಹೊಸ ವರ್ಷದ ಮೊದಲ ಹುಣ್ಣಿಮೆ. ಬೆಳಿಗ್ಗೆ ಯಾರನ್ನಾದರೂ ಹೆಸರು ಹಿಡಿದು ಕೂಗಬೇಕು. ಅವರು "ಆಂ" ಅಂದರೆ ಸಾಕು, "ನನ್ನ ಸೆಕೆ ಕೊಂಡುಕೋ!" ಅನ್ನಬೇಕು. ನಿನ್ನ ಬೇಸಿಗೆಯ ಸೆಕೆಯೆಲ್ಲ ಅವರ ಪಾಲಿಗೆ. ಆ ದಿನ ನಿನಗೆ ಫೋನ್ ಮಾಡುತ್ತೇನೆ, ಎಚ್ಚರ.

ಒಂದು ಕೆಲಸ ಆಗಬೇಕಲ್ಲ. ಬ್ಯಾಡಗಿ ಮೆಣಸಿನಕಾಯಿ ಬಣ್ಣ ಜಾಸ್ತಿ ಖಾರ ಕಡಿಮೆ ಅಂದಾಗಿನಿಂದ ಅಜ್ಜಿ ಬಿಡುತ್ತಿಲ್ಲ. ಯಾರಾದರೂ ಈ ಕಡೆ ಬರುವವರಿದ್ದರೆ ಅರ್ಧ ಕೆಜಿ ಪುಡಿ, ಪ್ಯಾಕೆಟ್‌ನದ್ದೇ, ಕಳಿಸು. ದುಡ್ಡು ಆಮೇಲೆ ಹಾಕುತ್ತೇನೆ.

ಇಂತಿ ನಿನ್ನ,
ಸುವೊನ್ ಗೆಳೆಯ