ಶನಿವಾರದ ಅಭ್ಯಾಸ: ಕಿಟಕಿ ತೆರೆದೇ ಇರುತ್ತೆ

ಎಲ್ಲರಿಗೂ ನಮಸ್ಕಾರ.

ಚಳಿ ಶುರುವಾಗಿದೆ, ನಮ್ಮಲ್ಲೇ ನಾಲ್ವರು ಫ್ಲೂ ಬಂದು ಮಲಗಿದ್ದಾರೆ. ಶನಿವಾರ ಸಂಜೆ 5ಕ್ಕೆ ಹಾಡಿನ ಅಭ್ಯಾಸಕ್ಕೆ ಬರುವವರು ಇದನ್ನೊಮ್ಮೆ ಓದಿಬಿಡಿ.

"ಚಳಿಗಾಳಿಯಿಂದಲೇ ಫ್ಲೂ, ಕಿಟಕಿ ಮುಚ್ಚಿ" ಅಂತ ಕೆಲವರು ಬರೆದಿದ್ದೀರಿ. ಗಾಳಿ ವೈರಸ್ ಹುಟ್ಟಿಸಲ್ಲ. ಆದರೆ ತಣ್ಣನೆಯ ಒಣ ಹವೆ ಅದಕ್ಕೆ ಅನುಕೂಲ, ಇದು ನಿಜ. ಬಾಯಿಂದ ಹೊರಟ ಹನಿ ಬೇಗ ಆರಿ, ಹಗುರಾಗಿ ತೇಲುತ್ತೆ. ಮೂಗಿನ ಒಳಪೊರೆ ಒಣಗಿ ಕಾವಲು ಸಡಿಲವಾಗುತ್ತೆ. 2007ರಲ್ಲಿ ಪ್ರಕಟವಾದ ಗಿನಿಯಿಲಿಗಳ ಪ್ರಯೋಗದಲ್ಲಿ 20 ಡಿಗ್ರಿಗಿಂತ 5 ಡಿಗ್ರಿಯಲ್ಲೇ ಫ್ಲೂ ಸಲೀಸಾಗಿ ಹರಡಿತ್ತು. ಹಾಗಂತ ಚಳಿಯೊಂದೇ ಕಾರಣವಲ್ಲ. ಉಷ್ಣವಲಯದಲ್ಲಿ ಮಳೆಗಾಲದಲ್ಲೂ ಫ್ಲೂ ಏರುತ್ತೆ. ಎರಡೂ ಕಾಲದಲ್ಲಿ ನಾವು ಮಾಡೋದು ಒಂದೇ: ಬಾಗಿಲು ಜಡಿದು ಒಟ್ಟಿಗೆ ಕೂರೋದು. ಕಿಟಕಿ ಗಾಜಿನ ಮೇಲೆ ಮಂಜು ಕಟ್ಟುತ್ತಲ್ಲ, ಅದರಲ್ಲಿ ನಮ್ಮೆಲ್ಲರ ಉಸಿರೂ ಇದೆ!

ಹಾಗಾಗಿ ಎದುರುಬದುರಿನ ಎರಡು ಕಿಟಕಿ ತೆರೆದಿರುತ್ತವೆ, ಸ್ವೆಟರ್ ಹಾಕ್ಕೊಂಡು ಬನ್ನಿ. ಅರ್ಧ ಗಂಟೆಗೊಮ್ಮೆ ಹೊರಗೆ ಬಿಡುವು. ಜ್ವರ, ಕೆಮ್ಮು ಇದ್ದವರು ದಯವಿಟ್ಟು ಬರಬೇಡಿ, ರೆಕಾರ್ಡಿಂಗ್ ಕಳಿಸ್ತೀನಿ.

ಬರುವವರು ಶುಕ್ರವಾರ ರಾತ್ರಿಯೊಳಗೆ ಇಲ್ಲೇ "ಬರ್ತೀನಿ" ಅಂತ ಹಾಕಿ. ಕಿಟಕಿ ಪಕ್ಕ ಕೂರಲು ಇಬ್ಬರು ಧೈರ್ಯವಂತರು ಬೇಕು.