ಬೈಬಲ್ ಪೀರಿಯಡ್ ಮುಗಿದ ಮೇಲೆ

ಧಾರವಾಡ

ಪ್ರೀತಿಯ ಮಗಳೇ,

ಕರ್ತನಾದ ಯೇಸುವಿನ ನಾಮದಲ್ಲಿ ವಂದನೆಗಳು. ನಿನ್ನ ಪತ್ರ ಬಂತು. ಕ್ರೈಸ್ತ ಸಭೆಯವರು ನಡೆಸುವ ಹೈಸ್ಕೂಲಿನಲ್ಲಿ ವಿಜ್ಞಾನ, ಗಣಿತ ಎರಡೂ ನಿನಗೇ ಕೊಟ್ಟಿದ್ದಾರೆ ಎಂದು ಓದಿ ನಿನ್ನ ದೊಡ್ಡಮ್ಮನಿಗೂ ನನಗೂ ಬಹಳ ಖುಷಿಯಾಯಿತು. ನಿಮ್ಮ ಹೆಡ್‌ಮಾಸ್ತರು ಪ್ರತಿ ಪಾಠಯೋಜನೆಯಲ್ಲೂ ‘ಸತ್ಯವೇದದ ದೃಷ್ಟಿ’, ಅಂದರೆ ಬೈಬಲಿನ ದೃಷ್ಟಿ, ಅಂತ ಒಂದು ಕಾಲಂ ತುಂಬಬೇಕು ಎಂದಿದ್ದಾರೆ ಅಲ್ವಾ. ವಿದ್ಯುತ್ ಪಾಠಕ್ಕೆ ‘ಬೆಳಕಾಗಲಿ’ ಎಂಬ ವಚನ ಬರೆದರೆ ಸಾಕಾ ಎಂದು ಕೇಳಿದ್ದೀಯ.

ಸಾಲದು ಮಗಳೇ. ಪಾಠದ ತಲೆಯ ಮೇಲೆ ಒಂದು ವಚನ ಬರೆದು ಕೆಳಗೆ ಎಂದಿನ ಹಾಗೆಯೇ ಪಾಠ ಮಾಡಿದರೆ, ದೇವರ ಮಾತಿಗೂ ಪಾಠಕ್ಕೂ ಸಂಬಂಧವಿಲ್ಲ ಅಂತಲೇ ಮಕ್ಕಳು ಕಲಿಯುತ್ತಾರೆ. ಬೈಬಲ್ ಪೀರಿಯಡ್‌ಗೆ ಒಂದು ಲೋಕ, ಅದು ಮುಗಿದು ಗಂಟೆ ಹೊಡೆದ ಮೇಲೆ ಇನ್ನೊಂದು ಲೋಕ. ಈ ಎರಡು ಲೋಕಗಳನ್ನು ಒಂದು ಮಾಡುವುದೇ ನಿನ್ನ ಕೆಲಸ. ನನ್ನ ಅನುಭವದಲ್ಲಿ ಅದು ಹೆಚ್ಚಾಗಿ ಆಗುವುದು ಬೈಬಲ್ ಪೀರಿಯಡ್‌ನಲ್ಲಿ ಅಲ್ಲ, ಲ್ಯಾಬಿನಲ್ಲಿ, ಲೆಕ್ಕದ ಪುಸ್ತಕದಲ್ಲಿ, ಉತ್ತರಪತ್ರಿಕೆ ತಿದ್ದುವಾಗ.

ನಿನ್ನ ಮುಂದೆ ಕೂತಿರುವ ಮಕ್ಕಳು ಖಾಲಿ ಬಂದಿಲ್ಲ. ಯಾರು ದೊಡ್ಡವರು, ಯಾರು ಚಿಕ್ಕವರು, ದುಡ್ಡು ಎಂದರೆ ಏನು, ಸಿಕ್ಕಿಬೀಳದಿದ್ದರೆ ಸುಳ್ಳು ನಡೆಯುತ್ತದಾ, ಇದಕ್ಕೆಲ್ಲ ಅವರ ಹತ್ತಿರ ಆಗಲೇ ಉತ್ತರ ಇದೆ. ಮನೆ, ಓಣಿ, ಮೊಬೈಲ್ ಕಲಿಸಿದ ಉತ್ತರ. ನಮ್ಮ ಶಾಲೆಯಲ್ಲಿ 23ನೇ ಕೀರ್ತನೆಯನ್ನು ಒಂದು ತಪ್ಪಿಲ್ಲದೆ ಹೇಳುತ್ತಿದ್ದ ಹುಡುಗನೊಬ್ಬನಿದ್ದ. ಭಾನುವಾರ ಶಾಲೆಯಲ್ಲಿ ಬಹುಮಾನವೂ ಅವನಿಗೇ. ಊಟದ ಹೊತ್ತಿಗೆ ಪಕ್ಕದವನ ಜಾತಿ ಕೇಳಿ ತನ್ನ ಡಬ್ಬಿಯನ್ನು ಆಚೆ ಸರಿಸುತ್ತಿದ್ದ. ಮನುಷ್ಯನನ್ನು ದೇವರು ತನ್ನ ಸ್ವರೂಪದಲ್ಲಿ ಉಂಟುಮಾಡಿದನು ಎಂದು ಆದಿಕಾಂಡದ ಮೊದಲ ಅಧ್ಯಾಯದಲ್ಲೇ ಇದೆ. ಅದೂ ಅವನಿಗೆ ಬಾಯಿಪಾಠ ಇತ್ತು. ಬಾಯಿಪಾಠ ಬೇಡ ಎನ್ನುತ್ತಿಲ್ಲ, ಅದು ಮುಂದೆ ಎಂದೋ ಕಷ್ಟಕಾಲದಲ್ಲಿ ಕೈ ಹಿಡಿಯುತ್ತದೆ. ಆದರೆ ಆ ಮಾತು ಡಬ್ಬಿಯ ತನಕ ಇಳಿಯಬೇಕು.

ಈಗ ನಿನ್ನ ವಿದ್ಯುತ್ ಪಾಠಕ್ಕೆ ಬರೋಣ. ಹತ್ತನೇ ತರಗತಿಗೆ ಓಮ್‌ನ ನಿಯಮ ಇದೆಯಲ್ಲ, ವೋಲ್ಟೇಜ್ ಏರಿದಷ್ಟೇ ಪ್ರಮಾಣದಲ್ಲಿ ಕರೆಂಟೂ ಏರುತ್ತದೆ ಎನ್ನುವುದು. ಅದಕ್ಕೆ ಬೇಕಾದ್ದು ಅರ್ಧ ಮೀಟರ್ ನೈಕ್ರೋಮ್ ತಂತಿ, 1.5 ವೋಲ್ಟಿನ ನಾಲ್ಕು ಸೆಲ್, ಒಂದು ಆಮ್ಮೀಟರ್, ಒಂದು ವೋಲ್ಟ್‌ಮೀಟರ್. ಒಂದೊಂದೇ ಸೆಲ್ ಸೇರಿಸುತ್ತಾ ರೀಡಿಂಗ್ ತಗೊಂಡು ಗ್ರಾಫ್ ಎಳೆಯಬೇಕು. ಗೆರೆ ನೇರವಾಗಿ ಬರಬೇಕು ಎಂದು ಮಕ್ಕಳಿಗೆ ಮೊದಲೇ ಗೊತ್ತು. ಅವರ ಕೈ ನೋಡುತ್ತಾ ನಿಲ್ಲು. ಮೂರನೇ ಚುಕ್ಕೆ ಗೆರೆಯಿಂದ ಸ್ವಲ್ಪ ಪಕ್ಕಕ್ಕೆ ಬಿದ್ದ ಕೂಡಲೇ ರಬ್ಬರ್ ಹೊರಗೆ ಬರುತ್ತದೆ. ಆಮ್ಮೀಟರಿನ ಮುಳ್ಳು ಹೇಳಿದ್ದನ್ನು ಅಳಿಸಿ, ಪುಸ್ತಕಕ್ಕೆ ಬೇಕಾದ ಅಂಕಿ ಬರೆಯುತ್ತಾರೆ. ರೆಕಾರ್ಡ್ ಬುಕ್ ಚೆಂದ ಕಾಣುತ್ತದೆ. ಎಷ್ಟೋ ಮಾಸ್ತರುಗಳು ಅದಕ್ಕೇ ಹತ್ತಕ್ಕೆ ಹತ್ತು ಕೊಡುತ್ತಾರೆ.

ಸತ್ಯವೇದದ ದೃಷ್ಟಿ ಅಂದರೆ ಏನು ಎಂದು ತೋರಿಸಬೇಕಾದ ಜಾಗ ಅದೇ. ಈ ತಂತಿ, ಈ ಕರೆಂಟು ದೇವರ ಕೈಕೆಲಸ. ಅದು ನಡೆಯುವ ರೀತಿಯನ್ನು ನಾವು ಇದ್ದ ಹಾಗೆ ನೋಡಿ ಬರೆಯಬೇಕು, ನಮಗೆ ಬೇಕಾದ ಹಾಗೆ ಅಲ್ಲ. ಪಕ್ಕಕ್ಕೆ ಬಿದ್ದ ಚುಕ್ಕೆಯನ್ನು ಹಾಗೇ ಬಿಡಿ, ಯಾಕೆ ಹಾಗಾಯಿತು ಎಂದು ಹುಡುಕಿ ಎಂದು ಹೇಳು. ತಂತಿ ಬಿಸಿಯಾಗಿರಬಹುದು. ಕನೆಕ್ಷನ್ ಸಡಿಲ ಇರಬಹುದು. ಮುಳ್ಳು ಮೊದಲಿಗೇ ಸೊನ್ನೆಯಲ್ಲಿ ನಿಂತಿರಲಿಕ್ಕಿಲ್ಲ. ಪಕ್ಕಕ್ಕೆ ಬಿದ್ದ ಚುಕ್ಕೆಯನ್ನು ಇಟ್ಟುಕೊಂಡು ಕಾರಣ ಬರೆದ ಮಗುವಿಗೆ ಪೂರ್ತಿ ಅಂಕ ಕೊಡು. ಇಡೀ ತರಗತಿಯ ಎದುರಿಗೆ ಕೊಡು.

ಖಗೋಳ ವಿಜ್ಞಾನಿ ಕೆಪ್ಲರ್ ಕಥೆಯನ್ನೂ ಹೇಳು. ಅವನು ದೇವಶಾಸ್ತ್ರ ಓದಿದವನು, ಸಭೆಯ ಸೇವಕ ಆಗಬೇಕು ಎಂದುಕೊಂಡಿದ್ದವನು. ಮಂಗಳ ಗ್ರಹದ ದಾರಿಯನ್ನು ಲೆಕ್ಕ ಹಾಕುತ್ತಾ ವರ್ಷಗಟ್ಟಲೆ ಕೂತ. ಅವನ ಲೆಕ್ಕಕ್ಕೂ ಟೈಕೊ ಬ್ರಾಹೆ ಎಂಬ ಖಗೋಳಜ್ಞ ಕಣ್ಣಾರೆ ನೋಡಿ ಬರೆದಿಟ್ಟದ್ದಕ್ಕೂ ಇದ್ದ ವ್ಯತ್ಯಾಸ ಕೇವಲ 8 ಕಲೆ, ಅಂದರೆ ಒಂದು ಡಿಗ್ರಿಯನ್ನು 60 ಭಾಗ ಮಾಡಿದರೆ ಅದರಲ್ಲಿ 8. ಹುಣ್ಣಿಮೆಯ ಚಂದ್ರನ ಅಗಲದ ಕಾಲು ಭಾಗದಷ್ಟು. ಬೇರೆ ಯಾರೇ ಆಗಿದ್ದರೂ ರಬ್ಬರ್ ಹಾಕುತ್ತಿದ್ದರೇನೋ. ಟೈಕೊನಂಥ ಶ್ರದ್ಧೆಯ ವೀಕ್ಷಕನನ್ನು ದೇವರೇ ನಮಗೆ ಕೊಟ್ಟಿದ್ದಾನೆ, ಆ ಉಪಕಾರವನ್ನು ಕೃತಜ್ಞತೆಯಿಂದ ಒಪ್ಪಿಕೊಳ್ಳಬೇಕು ಎಂಬರ್ಥದಲ್ಲಿ ಕೆಪ್ಲರ್ ಬರೆದ. ಆ 8 ಕಲೆಗಳನ್ನು ಬಿಡದೆ ಹಿಡಿದು ಹೋಗಿದ್ದರಿಂದ ಗ್ರಹಗಳ ದಾರಿ ವೃತ್ತ ಅಲ್ಲ, ದೀರ್ಘವೃತ್ತ ಎಂದು ತಿಳಿಯಿತು. 1609ರಲ್ಲಿ ಅದು ಅಚ್ಚಾಯಿತು. ನನಗೆ ಕೇಳಿದರೆ, ನಿನ್ನ ಕಾಲಂನಲ್ಲಿ ಬರೆಯಬೇಕಾದ್ದು ಇದು.

ಗಣಿತದಲ್ಲಿ ಇನ್ನೂ ಸಲೀಸು. ಎಂಟನೇ ತರಗತಿಗೆ ಚಕ್ರಬಡ್ಡಿ ಬರುತ್ತದೆ. ಪುಸ್ತಕದ ಲೆಕ್ಕ ಮಾಡಿಸಿದ ಮೇಲೆ ಊರಿನ ಲೆಕ್ಕ ಕೊಡು. ಕೈಸಾಲ ಕೊಡುವವರು ‘ನೂರಕ್ಕೆ ಮೂರು’ ಎನ್ನುತ್ತಾರೆ. ಕೇಳಲಿಕ್ಕೆ ಮೂರೇ ಮೂರು. ಅದು ತಿಂಗಳಿಗೆ! ಬಡ್ಡಿ ಕಟ್ಟಲಾಗದೆ ಅಸಲಿಗೆ ಸೇರುತ್ತಾ ಹೋದರೆ 10,000 ರೂಪಾಯಿ ಒಂದು ವರ್ಷಕ್ಕೆ ಸುಮಾರು 14,258 ಆಗುತ್ತದೆ. ಇದನ್ನು ಮಕ್ಕಳೇ ಕೈಯಾರೆ ಮಾಡಲಿ. ಆಮೇಲೆ ವಿಮೋಚನಕಾಂಡ 22ನೇ ಅಧ್ಯಾಯ ತೆಗೆಸು. ಬಡವನಿಗೆ ಸಾಲ ಕೊಟ್ಟರೆ ಬಡ್ಡಿ ಹಾಕಬೇಡ, ಅವನ ಹೊದಿಕೆಯನ್ನು ಒತ್ತೆ ಇಟ್ಟುಕೊಂಡಿದ್ದರೆ ಹೊತ್ತು ಮುಳುಗುವುದರೊಳಗೆ ವಾಪಸ್ ಕೊಡು, ರಾತ್ರಿ ಅವನು ಏನು ಹೊದ್ದು ಮಲಗಬೇಕು ಎಂದು ದೇವರು ಕೇಳುತ್ತಾನೆ. ಎಷ್ಟೋ ಮಕ್ಕಳ ತಾಯಂದಿರು ಸಂಘದ ಸಾಲದ ಕಂತು ಕಟ್ಟುತ್ತಿರುತ್ತಾರೆ. ಅವರಿಗೆ ಯಾರೂ ವಿವರಿಸಬೇಕಾಗಿಲ್ಲ. ತೂಕ, ಅಳತೆಯ ಪಾಠಕ್ಕೆ ಧರ್ಮೋಪದೇಶಕಾಂಡ 25 ಇದೆ, ಚೀಲದಲ್ಲಿ ಎರಡು ತರದ ತೂಕದ ಕಲ್ಲು ಇಟ್ಟುಕೊಳ್ಳಬೇಡ ಎಂದು. ಅದನ್ನು ಸಂತೆಯ ತಕ್ಕಡಿಗೆ ನೀನೇ ಹೊಂದಿಸಿಕೋ.

ಕನ್ನಡ ಪಂಡಿತರು ಶರಣರ ವಚನ, ದಾಸರ ಕೀರ್ತನೆ ಪಾಠಗಳನ್ನು ಅವಸರದಲ್ಲಿ ದಾಟಿಸುತ್ತಾರೆ, ಕ್ರೈಸ್ತ ಶಾಲೆಯಲ್ಲಿ ಅದು ಬೇಡ ಅಂತ ಅವರ ಭಾವನೆ ಎಂದು ಬರೆದಿದ್ದೀಯ. ಇದು ನನಗೆ ಬೇಸರ ತಂದಿತು. 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ಹೊರಡಿಸಿದ ಜರ್ಮನ್ ಮಿಷನರಿ ಮೋಗ್ಲಿಂಗ್ ಅಯ್ಯನವರೇ ದಾಸರ ಪದಗಳನ್ನು, ಬಸವಪುರಾಣವನ್ನು ಅಚ್ಚು ಹಾಕಿಸಿದರು. ಅವರಂತೆಯೇ ಮಿಷನರಿಯಾಗಿ 1853ರಲ್ಲಿ ಇಲ್ಲಿಗೆ ಬಂದ ಕಿಟೆಲ್ ಅಯ್ಯನವರು ಜೈನ ಕವಿ ಕೇಶಿರಾಜನ ಹಳಗನ್ನಡ ವ್ಯಾಕರಣ ‘ಶಬ್ದಮಣಿದರ್ಪಣ’ವನ್ನು ಸಂಪಾದಿಸಿದರು, 1894ರಲ್ಲಿ ಆ ದೊಡ್ಡ ಕನ್ನಡ-ಇಂಗ್ಲಿಷ್ ನಿಘಂಟನ್ನು ಹೊರತಂದರು. ಯೇಸುವನ್ನು ಸಾರಲು ಬಂದವರು ನೆರೆಯವರ ಮಾತನ್ನು ಅಷ್ಟು ಗೌರವದಿಂದ, ಅಷ್ಟು ತಾಳ್ಮೆಯಿಂದ ಕೇಳಿದರು. ಅವರ ನಂಬಿಕೆ ಅದರಿಂದ ಸವೆಯಲಿಲ್ಲ. ಅಪೊಸ್ತಲ ಪೌಲನೂ ಗ್ರೀಸಿನ ಅಥೇನೆಯಲ್ಲಿ ಅಲ್ಲಿಯ ಕವಿಗಳ ಮಾತನ್ನೇ ಎತ್ತಿ ಹೇಳಿದ, ಅಪೊಸ್ತಲರ ಕೃತ್ಯಗಳು 17ರಲ್ಲಿ ನೋಡು. ದಾನಿಯೇಲನ ಕಥೆಯಲ್ಲಿ ಮಕ್ಕಳಿಗೆ ಸಿಂಹದ ಗವಿ ಮಾತ್ರ ಹೇಳುತ್ತೇವೆ. ಮೊದಲ ಅಧ್ಯಾಯ ಓದು. ಅವನೂ ಅವನ ಗೆಳೆಯರೂ ಸೆರೆಯಾಗಿ ಹೋದ ಬಾಬೆಲಿನಲ್ಲಿ ಕಸ್ದೀಯರ ಭಾಷೆ, ಸಾಹಿತ್ಯ ಪೂರ್ತಿ ಕಲಿತರು, ಅದರಲ್ಲಿ ಎಲ್ಲರಿಗಿಂತ ಮುಂದೆ ಇದ್ದರು. ಆದರೂ ಅರಸನ ತಟ್ಟೆಯ ಊಟದ ಮಾತು ಬಂದಾಗ ಇದು ನಮಗೆ ಬೇಡ ಎಂದರು. ಪೂರ್ತಿ ಕಲಿಯುವುದು, ಎಲ್ಲಿ ಬೇಡ ಎನ್ನಬೇಕೋ ಅಲ್ಲಿ ಬೇಡ ಎನ್ನುವುದು, ಎರಡೂ ಒಟ್ಟಿಗೆ ಬೇಕು. ಪಂಡಿತರಿಗೆ ಇದನ್ನು ನೀನು ಹೇಳಬೇಡ, ಹೊಸಬಳು. ಹೆಡ್‌ಮಾಸ್ತರ ಕಿವಿಗೆ ಹಾಕು.

ಪ್ರಶ್ನೆ ಕೇಳುವ ಮಕ್ಕಳ ವಿಷಯ. ಜೀವವಿಕಾಸದ ಬಗ್ಗೆ ಕೇಳಿಯೇ ಕೇಳುತ್ತಾರೆ. ವಿಜ್ಞಾನ ಏನು ಹೇಳುತ್ತದೆ, ಯಾವ ಆಧಾರದ ಮೇಲೆ ಹೇಳುತ್ತದೆ ಎನ್ನುವುದನ್ನು ಚೆನ್ನಾಗಿ, ಪೂರ್ತಿಯಾಗಿ ಕಲಿಸು. ಅರೆಬರೆ ಕಲಿಸಿ ಗೆಲ್ಲುವುದು ಬೇಡ. ಆದಿಕಾಂಡದ ಮೊದಲ ಅಧ್ಯಾಯಗಳನ್ನು ಓದುವ ರೀತಿಯಲ್ಲಿ ದೇವಭಕ್ತರ ನಡುವೆಯೇ ಬೇರೆ ಬೇರೆ ಅಭಿಪ್ರಾಯ ಇದೆ ಎಂದೂ ಹೇಳು. ಮಾನವ ಜೀನೋಮ್ ಯೋಜನೆಯನ್ನು ಮುನ್ನಡೆಸಿದ ಫ್ರಾನ್ಸಿಸ್ ಕಾಲಿನ್ಸ್ ವಿಕಾಸವನ್ನೂ ಒಪ್ಪುತ್ತಾರೆ, ಯೇಸುವನ್ನೂ ನಂಬುತ್ತಾರೆ. ಎಲ್ಲವನ್ನೂ ಉಂಟುಮಾಡಿದವನು ದೇವರು ಎಂಬಲ್ಲಿ ನಾವೆಲ್ಲ ಒಂದೇ. ಇದಕ್ಕಿಂತ ಜಾಸ್ತಿ ಕಷ್ಟದ ಪ್ರಶ್ನೆ ಬೇರೆ ಇದೆ. ‘ಟೀಚರ್, ಅಜ್ಜಿಗೋಸ್ಕರ ಅಷ್ಟು ಪ್ರಾರ್ಥನೆ ಮಾಡಿದ್ವಿ, ಆದ್ರೂ ಯಾಕೆ ತೀರಿಕೊಂಡ್ರು?’ ಅಂತ ಒಂದು ಮಗು ಕೇಳಿದರೆ, ಸುಮ್ನೆ ‘ದೇವರ ಚಿತ್ತ’ ಎಂದು ಬಾಯಿ ಮುಚ್ಚಿಸಬೇಡ. ಪಕ್ಕದಲ್ಲಿ ಕೂತು ಕೇಳಿಸಿಕೋ. 88ನೇ ಕೀರ್ತನೆ ಕತ್ತಲೆಯಲ್ಲೇ ಮುಗಿಯುತ್ತದೆ, ಅದನ್ನು ದೇವರು ತನ್ನ ಪುಸ್ತಕದಲ್ಲಿ ಇಟ್ಟಿದ್ದಾನೆ. ನೋಡದೆ ನಂಬುವುದಿಲ್ಲ ಎಂದ ಶಿಷ್ಯ ತೋಮನಿಗೆ ಯೇಸು ಬೈದು ಕಳಿಸಲಿಲ್ಲ, ಕೈ ಚಾಚಿ ಗಾಯ ತೋರಿಸಿದ. ಪ್ರಶ್ನೆ ಕೇಳಿದ್ದಕ್ಕೆ ನಾಚಿಕೆಪಡಿಸಿದರೆ ಆ ಮಗು ಮತ್ತೆ ನಿನ್ನ ಹತ್ತಿರ ಕೇಳುವುದಿಲ್ಲ, ಬೇರೆ ಎಲ್ಲೋ ಕೇಳುತ್ತದೆ.

ನಿನ್ನ ತರಗತಿಯಲ್ಲಿ ಅರ್ಧಕ್ಕಿಂತ ಜಾಸ್ತಿ ಮಕ್ಕಳು ಬೇರೆ ಧರ್ಮದವರು. ಇದನ್ನು ಬಹಳ ಗಂಭೀರವಾಗಿ ಹೇಳುತ್ತಿದ್ದೇನೆ. ಸಂವಿಧಾನದ 30ನೇ ವಿಧಿ ನಮಗೆ ನಮ್ಮ ಶಾಲೆ ನಡೆಸುವ ಹಕ್ಕು ಕೊಟ್ಟಿದೆ. 28ನೇ ವಿಧಿಯ ಮೂರನೇ ಖಂಡ, ಸರ್ಕಾರದ ಮಾನ್ಯತೆ ಅಥವಾ ಅನುದಾನ ಇರುವ ಶಾಲೆಯಲ್ಲಿ ಯಾವ ಮಗುವನ್ನೂ ತಂದೆತಾಯಿಯ ಒಪ್ಪಿಗೆ ಇಲ್ಲದೆ ಧಾರ್ಮಿಕ ಬೋಧನೆಗೆ, ಪ್ರಾರ್ಥನೆಗೆ ಸೇರಿಸಬಾರದು ಎನ್ನುತ್ತದೆ. ಬೈಬಲ್ ಪೀರಿಯಡ್ ಹೊತ್ತಿಗೆ ಆ ಮಕ್ಕಳು ಎಲ್ಲಿ ಕೂರುತ್ತಾರೆ, ಅವರ ಮನೆಯವರಿಂದ ಒಪ್ಪಿಗೆ ಬರೆಸಿಕೊಂಡಿದ್ದಾರಾ ಎಂದು ಹೆಡ್‌ಮಾಸ್ತರನ್ನು ಕೇಳು. ಇಲ್ಲದಿದ್ದರೆ ಮೊದಲು ಅದು ಸರಿಯಾಗಲಿ. ನಾನು ಮೊದಲು ಬರೆದ ಕಾಲಂ ವಿಷಯ ನೆನಪಿದೆಯಲ್ಲ, ಆಮ್ಮೀಟರು, ಚಕ್ರಬಡ್ಡಿ. ಪಾಠಕ್ಕೆ ವಚನ ತೆಗೆಸುವಾಗಲೂ ಈ ಮಿತಿ ಇರಲಿ. ಬೇರೆ ಧರ್ಮದ ಮಕ್ಕಳಿರುವ ತರಗತಿಯಲ್ಲಿ ಪ್ರಾಮಾಣಿಕತೆ, ನ್ಯಾಯ ಇವನ್ನು ಲೆಕ್ಕದಿಂದಲೇ ಕಲಿಸು, ವಾಕ್ಯ ಓದುವುದನ್ನು ಬೈಬಲ್ ಪೀರಿಯಡ್‌ಗೆ ಇಟ್ಟುಕೋ. ಕಾನೂನಿಗೆ ಹೆದರಿ ಮಾತ್ರ ಹೇಳುತ್ತಿಲ್ಲ. ಸುವಾರ್ತೆಯಲ್ಲಿ ಬರುವ ಐಶ್ವರ್ಯವಂತನಾದ ಆ ಯೌವನಸ್ಥನನ್ನು ಯೇಸು ಪ್ರೀತಿಸಿದ, ಆದರೂ ಅವನು ಬೇಸರದಿಂದ ಎದ್ದು ಹೋದಾಗ ತಡೆದು ನಿಲ್ಲಿಸಲಿಲ್ಲ. ನಮ್ಮ ಮಕ್ಕಳ ನಂಬಿಕೆಗೂ ಅಂಕ ಹಾಕಬೇಡ. ಬೈಬಲ್ ಪರೀಕ್ಷೆಯ ಅಂಕ ನೆನಪಿನ ಶಕ್ತಿಗೆ, ಅಷ್ಟೇ.

ಇನ್ನು ನೀನು. ಮಕ್ಕಳು ನಿನ್ನ ಬಾಯಿಗಿಂತ ನಿನ್ನ ನಡೆಯನ್ನೇ ಓದುತ್ತಾರೆ. ಆಯಾನನ್ನು ಹೆಸರು ಹಿಡಿದು ‘ಅಕ್ಕ’ ಸೇರಿಸಿ ಕರೆಯುತ್ತೀಯಾ, ಫೀಸು ಕಟ್ಟದ ಮಗುವನ್ನು ಎಲ್ಲರೆದುರು ನಿಲ್ಲಿಸುತ್ತೀಯಾ, ಹಿಂದಿನ ಬೆಂಚಿನವರ ಉತ್ತರಪತ್ರಿಕೆಯನ್ನೂ ಅಷ್ಟೇ ಗಮನ ಇಟ್ಟು ತಿದ್ದುತ್ತೀಯಾ. ಎಸ್ಸೆಸ್ಸೆಲ್ಸಿ ಹೊತ್ತಿಗೆ ರಿಸಲ್ಟ್ ಜಾಸ್ತಿ ಬರಲಿ ಎಂದು ಪರೀಕ್ಷಾ ಕೋಣೆಯಲ್ಲಿ ‘ಸ್ವಲ್ಪ ಸಹಾಯ’ ಮಾಡಿ ಎಂಬ ಮಾತು ಎಲ್ಲಿಂದಲಾದರೂ ಬರಬಹುದು. ಆಗ ಇಲ್ಲ ಎನ್ನು. ಬೇರೆಯವರನ್ನು ಜರಿಯದೆ, ಮೆತ್ತಗೆ, ಆದರೆ ಇಲ್ಲ ಎನ್ನು. ಅದರಿಂದ ನಿನ್ನ ಕೆಲಸಕ್ಕೆ ಕುತ್ತು ಬಂದರೆ ನನಗೆ ಫೋನ್ ಮಾಡು, ನಾನು ಬಂದು ನಿನ್ನ ಜೊತೆ ಕೂರುತ್ತೇನೆ.

ಒಂದೇ ಸಲ ಎಲ್ಲ ಪಾಠಕ್ಕೂ ಕಾಲಂ ತುಂಬಲು ಹೋಗಬೇಡ. ಈ ತಿಂಗಳು ಓಮ್‌ನ ನಿಯಮ ಒಂದನ್ನು ಸರಿಯಾಗಿ ಮಾಡು. ಮೀಟರುಗಳ ಸೊನ್ನೆ ಮೊದಲೇ ನೋಡಿಕೋ, ಹಳೆಯ ಶಾಲೆಗಳಲ್ಲಿ ಅರ್ಧಕ್ಕರ್ಧ ಕೆಟ್ಟಿರುತ್ತವೆ. ಪಾಠಯೋಜನೆ ಬರೆದ ಮೇಲೆ ಫೋಟೋ ತೆಗೆದು ನನಗೆ ಕಳಿಸು, ಓದಿ ಬರೆಯುತ್ತೇನೆ. ಕೆಪ್ಲರ್ ಬಗ್ಗೆ ನನ್ನ ಹಳೆಯ ಟಿಪ್ಪಣಿ ಪುಸ್ತಕವನ್ನು ನಿನ್ನ ತಮ್ಮನ ಕೈಯಲ್ಲಿ ಕಳಿಸಿದ್ದೇನೆ. ದೊಡ್ಡಮ್ಮ ಅದರ ಜೊತೆ ಶೇಂಗಾ ಚಟ್ನಿಪುಡಿ ಕಟ್ಟಿಕೊಟ್ಟಿದ್ದಾಳೆ.

ನಿನಗಾಗಿಯೂ ನಿನ್ನ ಮಕ್ಕಳಿಗಾಗಿಯೂ ದಿನಾ ಪ್ರಾರ್ಥಿಸುವ,

ನಿನ್ನ ದೊಡ್ಡಪ್ಪ